ಲೂಸಿಯಾ ಹಬ್ಬದ ಕೇಸರಿ ಬನ್: ಒಣಗದ ಹಾಗೆ ಮಾಡುವ ಪೂರ್ತಿ ವಿಧಾನ

ಡಿಸೆಂಬರ್‌ನಲ್ಲಿ ಸ್ವೀಡನ್ನಿನ ಸೂಪರ್‌ಮಾರ್ಕೆಟ್‌ಗೆ ಹೋಗಿ ಮಸಾಲೆ ಕಪಾಟಿನಲ್ಲಿ ಕೇಸರಿ ಹುಡುಕಿದರೆ ಎಷ್ಟೋ ಕಡೆ ಸಿಗುವುದಿಲ್ಲ. ಬೆಲೆ ಜಾಸ್ತಿ, ಪೊಟ್ಟಣ ಚಿಕ್ಕದು, ಜೇಬಿಗೆ ಇಳಿಸುವುದು ಸುಲಭ. ಹಾಗಾಗಿ ಬಿಲ್ ಹಾಕುವವರ ಹತ್ತಿರ ಇಟ್ಟಿರುತ್ತಾರೆ, ಕೇಳಿ ತಗೋಬೇಕು. ಅರ್ಧ ಗ್ರಾಂ ಪುಡಿ ಇರುವ ಪುಟ್ಟ ಕಾಗದದ ಪೊಟ್ಟಣ. ಬಿರಿಯಾನಿ, ಪಾಯಸಕ್ಕೆ ಒಂದೆರಡು ಎಸಳು ಎಣಿಸಿ ಹಾಕುವ ನಮಗೆ, ಅಲ್ಲಿನ ಜನ ಎರಡೆರಡು ಪೊಟ್ಟಣ ಒಟ್ಟಿಗೆ ಹಿಟ್ಟಿಗೆ ಸುರಿಯುವುದನ್ನು ನೋಡಿದರೆ ಎದೆ ಧಸಕ್ ಎನ್ನುತ್ತದೆ. ಅಷ್ಟೂ ಕೇಸರಿ ಹೋಗುವುದು ಒಂದೇ ತಿಂಡಿಗೆ. ಅದೇ ಲುಸ್ಸೆಕಟ್. ಎಸ್ ಆಕಾರದಲ್ಲಿ ಸುತ್ತಿ, ಎರಡೂ ಸುರುಳಿಯ ನಡುವೆ ಒಂದೊಂದು ಒಣದ್ರಾಕ್ಷಿ ಒತ್ತಿದ ಹಳದಿ ಬನ್.

ಈ ಬನ್ ಬಗ್ಗೆ ಸ್ವೀಡನ್ನಿನವರಿಗೇ ಒಂದು ಹಳೇ ದೂರಿದೆ. ಬೆಳಗ್ಗೆ ಚೆನ್ನಾಗಿರುತ್ತದೆ, ಸಂಜೆಗೆ ಒಣಗಿ ಗಂಟಲಲ್ಲಿ ಇಳಿಯುವುದಿಲ್ಲ. ಕೇಸರಿಯೇ ಹಿಟ್ಟನ್ನು ಒಣಗಿಸುತ್ತದೆ ಎಂದು ಬಹಳ ಜನ ಹೇಳುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಒಂದು ಕಿಲೋ ಮೈದಾಗೆ ಬೀಳುವುದು ಹೆಚ್ಚೆಂದರೆ ಒಂದು ಗ್ರಾಂ ಕೇಸರಿ. ಅಷ್ಟರಿಂದ ಎಷ್ಟು ನೀರು ಹೀರೀತು ಹೇಳಿ? ಬನ್ ಒಣಗುವುದು ಬೇರೆ ಎರಡು ಕಾರಣಕ್ಕೆ. ನಾದುವಾಗ ಅಂಟುತ್ತದೆ ಎಂದು ಮತ್ತೆ ಮತ್ತೆ ಮೈದಾ ಉದುರಿಸುತ್ತೇವೆ. ಆಮೇಲೆ ಬಣ್ಣ ಬರಲಿ ಎಂದು ಓವನ್‌ನಲ್ಲಿ ಜಾಸ್ತಿ ಹೊತ್ತು ಬಿಡುತ್ತೇವೆ. ಇವೆರಡನ್ನು ತಡೆದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಕೆಳಗಿನ ವಿಧಾನ ಪೂರ್ತಿ ಇದೇ ಲೆಕ್ಕದಲ್ಲಿದೆ: ಮೈದಾ ಕೈ ಬಿಗಿ ಹಿಡಿದು ಹಾಕುವುದು, ಕಾವು ಜಾಸ್ತಿ ಇಡುವುದು, ಹೊತ್ತು ಕಡಿಮೆ ಮಾಡುವುದು.

ಯಾವ ಹಬ್ಬ, ಯಾಕೆ ಡಿಸೆಂಬರ್ 13

ಲೂಸಿಯಾ ಇಟಲಿಯ ಸಿಸಿಲಿ ದ್ವೀಪದ ಸಿರಾಕ್ಯೂಸ್ ಊರಿನ ಕ್ರೈಸ್ತ ಸಂತ ಮಹಿಳೆ. 4ನೇ ಶತಮಾನದ ಆರಂಭದಲ್ಲಿ ಹುತಾತ್ಮಳಾದವಳು. ಅಷ್ಟು ದೂರದ ದಕ್ಷಿಣದ ಸಂತಳನ್ನು ಪ್ರಾಟೆಸ್ಟಂಟ್ ಸ್ವೀಡನ್ ಇಷ್ಟು ಹಚ್ಚಿಕೊಂಡಿದ್ದಕ್ಕೆ ಕಾರಣ ಕ್ಯಾಲೆಂಡರ್. ಸ್ವೀಡನ್ 1753ರಲ್ಲಿ ಹೊಸ ಗ್ರೆಗೋರಿಯನ್ ಕ್ಯಾಲೆಂಡರ್‌ಗೆ ಬಂತು. ಅದಕ್ಕೂ ಮೊದಲಿನ ಹಳೇ ಲೆಕ್ಕದಲ್ಲಿ ಲೂಸಿಯಾ ರಾತ್ರಿಯೇ ವರ್ಷದ ಅತಿ ಉದ್ದದ ರಾತ್ರಿ ಎಂದು ಜನ ನಂಬಿದ್ದರು. ಆ ರಾತ್ರಿ ಕೆಟ್ಟ ಶಕ್ತಿಗಳು ಓಡಾಡುತ್ತವೆ, ಎಚ್ಚರವಾಗಿರಬೇಕು, ಹೊಟ್ಟೆ ತುಂಬ ತಿನ್ನಬೇಕು ಎನ್ನುವ ನಂಬಿಕೆಯೂ ಇತ್ತು. ಕ್ಯಾಲೆಂಡರ್ ಬದಲಾಯಿತು, ಹಬ್ಬ ಮಾತ್ರ 13ಕ್ಕೇ ಉಳಿಯಿತು.

ಕತ್ತಲೆ ಮಾತ್ರ ಈಗಲೂ ನಿಜ. ಆ ದಿನಗಳಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸೂರ್ಯ ಹುಟ್ಟುವುದು ಬೆಳಗ್ಗೆ ಎಂಟೂವರೆ ದಾಟಿದ ಮೇಲೆ, ಮುಳುಗುವುದು ಮಧ್ಯಾಹ್ನ ಮೂರಕ್ಕೆ ಮೊದಲು. ಹಾಗಾಗಿ ಬೆಳಗಿನ ಕತ್ತಲಲ್ಲಿ ಬಿಳಿ ನಿಲುವಂಗಿ, ಸೊಂಟಕ್ಕೆ ಕೆಂಪು ಪಟ್ಟಿ, ತಲೆ ಮೇಲೆ ಮೇಣದಬತ್ತಿಯ ಕಿರೀಟ ಇಟ್ಟುಕೊಂಡ ಹುಡುಗಿ ಹಾಡುತ್ತಾ ಬಂದರೆ ಅದರ ಸೊಗಸೇ ಬೇರೆ. ಇಂಥ ಬಿಳಿ ಉಡುಪಿನ ಲೂಸಿಯಾಳ ಮೊದಲ ದಾಖಲೆ 1764ರದ್ದು, ಪಶ್ಚಿಮ ಸ್ವೀಡನ್ನಿನ ಒಂದು ಜಮೀನ್ದಾರಿ ಮನೆಯದು. ದೇಶವಿಡೀ ಹಬ್ಬಿದ್ದು ಬಹಳ ತಡವಾಗಿ. 1927ರಲ್ಲಿ ಸ್ಟಾಕ್‌ಹೋಮ್‌ನ ಒಂದು ಪತ್ರಿಕೆ ನಗರಕ್ಕೊಬ್ಬ ಲೂಸಿಯಾಳನ್ನು ಆರಿಸುವ ಸ್ಪರ್ಧೆ ನಡೆಸಿದ ಮೇಲೆ ಅದರ ಗುಂಗು ಎಲ್ಲ ಕಡೆ ಹತ್ತಿತು. ಈಗ ಶಾಲೆ, ಆಸ್ಪತ್ರೆ, ಆಫೀಸು, ವೃದ್ಧಾಶ್ರಮ ಎಲ್ಲ ಕಡೆಯೂ ಮೆರವಣಿಗೆ ಇರುತ್ತದೆ. ಮಕ್ಕಳ ತಲೆ ಮೇಲೆ ಈಗ ಹೆಚ್ಚಾಗಿ ಬ್ಯಾಟರಿಯ ದೀಪ. ಡಿಸೆಂಬರ್ 10ರ ನೊಬೆಲ್ ಸಮಾರಂಭಕ್ಕೆ ಬಂದು ಸ್ಟಾಕ್‌ಹೋಮ್‌ನ ಗ್ರಾಂಡ್ ಹೋಟೆಲ್‌ನಲ್ಲಿ ಉಳಿದ ವಿಜೇತರನ್ನೂ ಲೂಸಿಯಾ ತಂಡ ಹಾಡಿ ಎಬ್ಬಿಸುವ ರೂಢಿಯಿದೆ. ಹಾಡು ಮುಗಿದ ಮೇಲೆ ಕಾಫಿ, ಶುಂಠಿ ಬಿಸ್ಕತ್ತು, ಜೊತೆಗೆ ಈ ಬನ್.

ಹಳದಿ ಬಣ್ಣಕ್ಕೂ ಒಂದು ಕಥೆ ಹೇಳುತ್ತಾರೆ. ಸೈತಾನ ಬೆಕ್ಕಿನ ರೂಪದಲ್ಲಿ ಬಂದು ಮಕ್ಕಳಿಗೆ ಹೊಡೆಯುತ್ತಿದ್ದನಂತೆ, ಬಾಲಯೇಸು ಬನ್ ಹಂಚುತ್ತಿದ್ದನಂತೆ. ಬೆಳಕಿಗೆ ಹೆದರುವ ಸೈತಾನನನ್ನು ದೂರ ಇಡಲು ಬನ್‌ಗೆ ಬೆಳಕಿನ ಬಣ್ಣ ಬಂತಂತೆ. ಕಥೆ ಕಥೆಯೇ ಬಿಡಿ, ಅಡುಗೆಮನೆಗೆ ಹೋಗೋಣ.

ಬೇಕಾದ ಸಾಮಾನು

ಇದು ಸುಮಾರು 18 ಬನ್‌ಗೆ. ಸ್ವೀಡನ್ನಿನ ಮನೆಗಳಲ್ಲಿ ಇದರ ಎರಡರಷ್ಟು ಮಾಡುತ್ತಾರೆ. ಅಲ್ಲಿ 50 ಗ್ರಾಂ ಯೀಸ್ಟ್ ಗಟ್ಟಿಗೆ ಹೊಂದುವ ಹಾಗೆ ಅಳತೆ ರೂಢಿಯಾಗಿದೆ. ನಮ್ಮ ಒಟಿಜಿಗೆ (ಮನೆಯ ಪುಟ್ಟ ಕರೆಂಟ್ ಓವನ್) ಅರ್ಧ ಅಳತೆಯೇ ಸರಿ, ಎರಡು ಟ್ರೇಯಲ್ಲಿ ಮುಗಿಯುತ್ತದೆ.

- ಕೇಸರಿ: ಅರ್ಧ ಗ್ರಾಂ
- ಹಾಲು: 250 ಎಂಎಲ್, ಗಟ್ಟಿ ಹಾಲೇ ಇರಲಿ
- ಬೆಣ್ಣೆ: 90 ಗ್ರಾಂ, ಮೆತ್ತಗಾಗಿರಬೇಕು
- ನೀರು ಬಸಿದ ಗಟ್ಟಿ ಮೊಸರು: 125 ಗ್ರಾಂ
- ಸಕ್ಕರೆ: 90 ಗ್ರಾಂ
- ಮೈದಾ: 500 ಗ್ರಾಂ (ಮೊದಲು 450 ಮಾತ್ರ)
- ಹಸಿ ಯೀಸ್ಟ್: 25 ಗ್ರಾಂ, ಇಲ್ಲವೇ ಇನ್‌ಸ್ಟಂಟ್ ಯೀಸ್ಟ್ 7 ಗ್ರಾಂ
- ಉಪ್ಪು: ಅರ್ಧ ಟೀ ಚಮಚ
- ಒಣದ್ರಾಕ್ಷಿ: 36, ಒಂದೆರಡು ಜಾಸ್ತಿ ಇದ್ದರೆ ಬಾಯಿಗೆ
- ಮೇಲೆ ಸವರಲು ಒಂದು ಮೊಟ್ಟೆ

ದಯವಿಟ್ಟು ತೂಕ ಮಾಡಿ. ಕಪ್ ಲೆಕ್ಕದಲ್ಲಿ ಮೈದಾ ಅಳೆದರೆ, ಒತ್ತಿ ತುಂಬಿದ ಕಪ್ಪಿಗೂ ಸಡಿಲವಾಗಿ ತುಂಬಿದ ಕಪ್ಪಿಗೂ ಮೂವತ್ತು ಗ್ರಾಂ ಸುಲಭವಾಗಿ ವ್ಯತ್ಯಾಸ ಬರುತ್ತದೆ. ನಾಲ್ಕು ಕಪ್ಪಿಗೆ ಅದೇ ನೂರಿಪ್ಪತ್ತು ಗ್ರಾಂ. ಬನ್ ಒಣಗುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಮೊಸರಿನ ವಿಷಯ. ಸ್ವೀಡನ್ನಿನಲ್ಲಿ ಇದಕ್ಕೆ ಕ್ವಾರ್ಗ್ ಎನ್ನುವ ಗಟ್ಟಿ ಹಾಲುತ್ಪನ್ನ ಹಾಕುತ್ತಾರೆ. ಹುಳಿ ಕಡಿಮೆ, ನೀರಿನಂಶ ಚೆನ್ನಾಗಿ ಹಿಡಿದಿಡುತ್ತದೆ. ಊರಲ್ಲಿ ಅದರ ಕೆಲಸವನ್ನು ಬಸಿದ ಮೊಸರು ಮಾಡುತ್ತದೆ. ಸುಮಾರು 300 ಗ್ರಾಂ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಮೂರ್ನಾಲ್ಕು ಗಂಟೆ ಫ್ರಿಜ್‌ನಲ್ಲಿ ಬಸಿಯಲು ಬಿಡಿ. ಅವತ್ತೇ ಹೆಪ್ಪಾದ ಸಿಹಿ ಮೊಸರೇ ಬೇಕು, ಹುಳಿ ಬಂದದ್ದು ಕೇಸರಿಯ ಪರಿಮಳವನ್ನು ನುಂಗಿಬಿಡುತ್ತದೆ. ಮೊಸರು ಬೇಡವೆಂದರೆ ಬಿಟ್ಟೇ ಮಾಡಬಹುದು, ಆದರೆ ಆಗ ಮೈದಾ ಒಟ್ಟು 420 ಗ್ರಾಂ ದಾಟಬಾರದು.

ಬೆಣ್ಣೆ ಅಮುಲ್‌ನಂಥ ಉಪ್ಪು ಬೆಣ್ಣೆಯಾದರೆ ಬೇರೆ ಉಪ್ಪು ಹಾಕಬೇಡಿ. ಮನೆಯಲ್ಲಿ ಕಡೆದ ಬೆಣ್ಣೆ ಆಗುತ್ತದೆ, ಆದರೆ ಮಜ್ಜಿಗೆ ಚೆನ್ನಾಗಿ ಹಿಂಡಿ ತೆಗೆಯಿರಿ. ತುಪ್ಪ ಹಾಕಬೇಡಿ. ತುಪ್ಪದ ಘಮ ಎದ್ದರೆ ಕೇಸರಿ ಹಿಂದೆ ಸರಿಯುತ್ತದೆ, ಬನ್ ಹೋಗಿ ಸಿಹಿತಿಂಡಿಯ ವಾಸನೆ ಬರುತ್ತದೆ.

ಮೊಟ್ಟೆ ತಿನ್ನದವರಿಗೆ ಒಳ್ಳೆ ಸುದ್ದಿ: ಹಿಟ್ಟಿನೊಳಗೆ ಮೊಟ್ಟೆ ಇಲ್ಲವೇ ಇಲ್ಲ. ಮೇಲೆ ಸವರಲು ಮಾತ್ರ. ಅದರ ಬದಲು ಎರಡು ಚಮಚ ಹಾಲಿಗೆ ಒಂದು ಚಮಚ ಕ್ರೀಮ್ ಬೆರೆಸಿ ಸವರಿ. ಹೊಳಪು ಸ್ವಲ್ಪ ಕಡಿಮೆ, ರುಚಿಗೇನೂ ಮೋಸವಿಲ್ಲ.

ಯೀಸ್ಟ್ ಬಗ್ಗೆ ಒಂದು ಮಾತು. ಸಕ್ಕರೆ ಜಾಸ್ತಿ ಇರುವ ಹಿಟ್ಟಿನಲ್ಲಿ ಯೀಸ್ಟ್‌ಗೆ ನೀರು ಸಿಗುವುದು ಕಷ್ಟ, ಸಕ್ಕರೆ ಎಳೆದುಕೊಂಡುಬಿಡುತ್ತದೆ. ಅದಕ್ಕೇ ಸ್ವೀಡನ್ನಿನಲ್ಲಿ ಸಿಹಿ ಹಿಟ್ಟಿಗೆಂದೇ ಬೇರೆ ಯೀಸ್ಟ್ ಗಟ್ಟಿ ಮಾರುತ್ತಾರೆ. ಅಲ್ಲಿರುವವರು ಅದನ್ನೇ ತನ್ನಿ. ಇಲ್ಲಿ ಸಾಮಾನ್ಯ ಇನ್‌ಸ್ಟಂಟ್ ಯೀಸ್ಟ್ ಸಾಕು, ಉಬ್ಬಲು ಸ್ವಲ್ಪ ತಡವಾಗುತ್ತದೆ ಅಷ್ಟೇ.

ಕೇಸರಿ: ದುಡ್ಡು ಇಲ್ಲೇ ಹೋಗುವುದು, ಗಮನವೂ ಇಲ್ಲೇ ಇರಲಿ

ಒಂದು ಕೇಸರಿ ಹೂವಿನಲ್ಲಿ ಮೂರೇ ಕೆಂಪು ಎಸಳು. ಒಂದು ಗ್ರಾಂ ಒಣ ಕೇಸರಿಗೆ ಸುಮಾರು 150 ಹೂವು ಬೇಕು, ಎಲ್ಲ ಕೈಯಲ್ಲೇ ಬಿಡಿಸಬೇಕು. ಜಗತ್ತಿನ ಕೇಸರಿಯಲ್ಲಿ ಹೆಚ್ಚಿನ ಪಾಲು ಇರಾನ್‌ನಿಂದ ಬರುತ್ತದೆ. ನಮ್ಮದು ಕಾಶ್ಮೀರದ ಪಾಂಪೋರ್ ಸುತ್ತಮುತ್ತಲಿನದು. 2020ರಲ್ಲಿ ಕಾಶ್ಮೀರದ ಕೇಸರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅಲ್ಲಿ ಹೂ ಬಿಡುವುದು ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗೆ. ಅಂದರೆ ಲೂಸಿಯಾ ಹೊತ್ತಿಗೆ ಹೊಸ ಫಸಲಿನದ್ದೇ ಸಿಗಬಹುದು. ಊರಿಂದ ಸ್ವೀಡನ್ನಿಗೆ ಹೊರಟವರ ಪೆಟ್ಟಿಗೆಯಲ್ಲಿ ಒಂದು ಗ್ರಾಂ ಡಬ್ಬಿ ಹಾಕಿಸಿಕೊಂಡರೆ ಅಲ್ಲಿ ನಾಲ್ಕು ಜನರ ಮುಂದೆ ಜಂಬ ಕೊಚ್ಚಿಕೊಳ್ಳಬಹುದು.

ತಂದದ್ದು ಅಸಲಿಯೇ? ಒಂದೆರಡು ಎಸಳನ್ನು ಬೆಚ್ಚಗಿನ ನೀರಿಗೆ ಹಾಕಿ ನೋಡಿ. ಅಸಲಿ ನಿಧಾನವಾಗಿ ಹೊಂಬಣ್ಣ ಬಿಡುತ್ತದೆ, ಎಸಳು ಮಾತ್ರ ಬಹಳ ಹೊತ್ತು ಕೆಂಪಾಗಿಯೇ ಇರುತ್ತದೆ. ಹಾಕಿದ ತಕ್ಷಣ ನೀರು ಕೆಂಪಾಗಿ, ಎಸಳು ಬಿಳಿಚಿಕೊಂಡರೆ ಅದು ಬಣ್ಣ ಹಾಕಿದ್ದು. ನಾಲಿಗೆ ಮೇಲೆ ಇಟ್ಟರೂ ತಿಳಿಯುತ್ತದೆ. ಕೇಸರಿಯ ವಾಸನೆ ಜೇನಿನಂತೆ ಸಿಹಿ, ರುಚಿ ಕಹಿ. ಎಸಳೇ ಸಿಹಿಯಾಗಿದ್ದರೆ ಅನುಮಾನ ಪಡಿ.

ಎಸಳನ್ನು ಹಾಗೇ ಹಿಟ್ಟಿಗೆ ಹಾಕಿದರೆ ಅಲ್ಲಲ್ಲಿ ಕೆಂಪು ಚುಕ್ಕೆ ಕಾಣುತ್ತದೆ ಅಷ್ಟೇ, ಬಣ್ಣ ಹರಡುವುದಿಲ್ಲ. ಪುಡಿ ಮಾಡಲೇಬೇಕು. ನಮ್ಮ ಹವೆಗೆ ಡಬ್ಬಿ ಒಂದೆರಡು ಸಲ ತೆರೆದರೂ ಎಸಳು ತೇವ ಹೀರಿ ಮೆತ್ತಗಾಗುತ್ತದೆ, ಕುಟ್ಟಿದರೆ ಪುಡಿಯಾಗದೆ ಒಟ್ಟಾಗುತ್ತದೆ. ಹೀಗೆ ಮಾಡಿ. ಹೆಂಚು ಬಿಸಿ ಮಾಡಿ, ಒಲೆ ಆರಿಸಿ. ಕಾಗದದ ಮೇಲೆ ಕೇಸರಿ ಹರಡಿ, ಕಾಗದವನ್ನು ಹೆಂಚಿನ ಮೇಲೆ ಅರ್ಧ ನಿಮಿಷ ಇಡಿ. ಎಸಳು ಗರಿಗರಿಯಾಗುತ್ತದೆ. ಅದನ್ನು ಅಳತೆಯಲ್ಲಿ ತೆಗೆದ ಒಂದು ಚಮಚ ಸಕ್ಕರೆ ಜೊತೆ ಚಿಕ್ಕ ಕುಟ್ಟಾಣಿಯಲ್ಲಿ ಅರೆಯಿರಿ. ಸಕ್ಕರೆಯ ಹರಳು ಎಸಳನ್ನು ಉಜ್ಜಿ ಪುಡಿ ಮಾಡುತ್ತದೆ. ಮೊದಲು ಬಿಳಿಯ ನಡುವೆ ಕೆಂಪು ಗೆರೆ ಕಾಣುತ್ತದೆ, ಸ್ವಲ್ಪ ಹೊತ್ತಿಗೆ ಇಡೀ ಸಕ್ಕರೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಅಲ್ಲಿಗೆ ನಿಲ್ಲಿಸಿ.

ಈಗ ನೆನೆಸುವುದು. ಕೇಸರಿಗೆ ಬಣ್ಣ ಕೊಡುವ ಕ್ರೋಸಿನ್ ನೀರಿನಲ್ಲಿ ಕರಗುತ್ತದೆ, ಕೊಬ್ಬಿನಲ್ಲಿ ಕರಗುವುದಿಲ್ಲ. ಅದಕ್ಕೇ ಕೇಸರಿಯನ್ನು ಕರಗಿದ ಬೆಣ್ಣೆಗೆ ಹಾಕಿ ಕಾಯಿಸುವುದು ದಂಡ. ಉಗುರು ಬೆಚ್ಚಗಿನ ಹಾಲು ಮೂರು ಚಮಚ ತಗೊಂಡು ಅದರಲ್ಲಿ ಕೇಸರಿ ಸಕ್ಕರೆ ಕರಗಿಸಿ, ಮುಚ್ಚಿ, ಕಡಿಮೆಯೆಂದರೆ ಅರ್ಧ ಗಂಟೆ ಬಿಡಿ. ಸ್ವೀಡನ್ನಿನಲ್ಲಿ ಎಷ್ಟೋ ಜನ ಹಿಂದಿನ ರಾತ್ರಿಯೇ ಒಂದು ಚಮಚ ವೋಡ್ಕಾ ಅಥವಾ ಕೊನ್ಯಾಕ್‌ನಲ್ಲಿ ನೆನೆಸಿಡುತ್ತಾರೆ. ಅದರಲ್ಲಿ ಬಣ್ಣವೂ ಬಿಡುತ್ತದೆ, ಪರಿಮಳವೂ ಬಿಡುತ್ತದೆ. ಮದ್ಯ ಬೇಡದ ಮನೆಯಲ್ಲಿ ಹಾಲೇ ಸಾಕು, ಒಂದು ಗಂಟೆ ಜಾಸ್ತಿ ಬಿಡಿ.

ಅಳತೆಗಿಂತ ಜಾಸ್ತಿ ಕೇಸರಿ ಹಾಕಿದರೆ ಇನ್ನೂ ಚೆನ್ನಾಗಿರುತ್ತದೆ ಅನ್ನಿಸಬಹುದು. ಇಲ್ಲ. ಒಂದು ಮಿತಿ ದಾಟಿದರೆ ಕಹಿ ಮುಂದೆ ಬರುತ್ತದೆ, ಔಷಧಿ ತಿಂದ ಹಾಗಾಗುತ್ತದೆ. ಬಣ್ಣ ಸಾಲದು ಎಂದು ಅರಿಶಿನ ಹಾಕುವ ಉಪಾಯವೂ ಬೇಡ, ಬಾಯಿಗಿಟ್ಟ ಕೂಡಲೇ ಗೊತ್ತಾಗುತ್ತದೆ.

ಹಿಟ್ಟು ಕಲಸುವುದು

ಮೊದಲು ಒಣದ್ರಾಕ್ಷಿಯನ್ನು ಬಿಸಿ ನೀರಲ್ಲಿ ನೆನೆಹಾಕಿ ಪಕ್ಕಕ್ಕಿಡಿ. ಒಣಗಿದ್ದನ್ನೇ ಒತ್ತಿದರೆ ಓವನ್‌ನಲ್ಲಿ ಸುಟ್ಟು ಕರಿ ಕಲ್ಲಾಗುತ್ತದೆ.

ಹಾಲನ್ನು ಉಗುರು ಬೆಚ್ಚಗೆ ಮಾಡಿ, 37 ಡಿಗ್ರಿ ಸುಮಾರಿಗೆ. ಕಿರುಬೆರಳು ಅದ್ದಿದರೆ ಬಿಸಿ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು. ಹಸಿ ಯೀಸ್ಟ್ ಆದರೆ ಪುಡಿ ಪುಡಿ ಮಾಡಿ ಇದರಲ್ಲಿ ಕರಗಿಸಿ. ಇನ್‌ಸ್ಟಂಟ್ ಆದರೆ ಮೈದಾಗೇ ಬೆರೆಸಿ. ಹಾಲಿಗೆ ಕೇಸರಿ, ಮೊಸರು, ಉಳಿದ ಸಕ್ಕರೆ ಹಾಕಿ ಕದಡಿ. ಕುಟ್ಟಾಣಿಗೆ ಅಂಟಿದ ಕೇಸರಿಯನ್ನು ಒಂದು ಚಮಚ ಹಾಲು ಸುತ್ತಾಡಿಸಿ ಬಿಡದೆ ತೆಗೆಯಿರಿ, ಅಷ್ಟು ದುಡ್ಡು ಕೊಟ್ಟಿದ್ದೇವಲ್ವಾ.

ಇದಕ್ಕೆ 450 ಗ್ರಾಂ ಮೈದಾ, ಉಪ್ಪು ಹಾಕಿ ಕಲಸಿ. ಒಣ ಮೈದಾ ಕಾಣದ ಹಾಗಾದರೆ ಸಾಕು, ಮುಚ್ಚಿ ಇಪ್ಪತ್ತು ನಿಮಿಷ ಸುಮ್ನೆ ಬಿಡಿ. ಈ ಬಿಡುವು ಬಹಳ ಮುಖ್ಯ. ಮೈದಾ ಈ ಹೊತ್ತಲ್ಲಿ ಹಾಲನ್ನು ಪೂರ್ತಿ ಹೀರುತ್ತದೆ. ಕಲಸಿದಾಗ ಕೈಗೆಲ್ಲ ಮೆತ್ತಿಕೊಳ್ಳುತ್ತಿದ್ದ ಹಿಟ್ಟು ಇಪ್ಪತ್ತು ನಿಮಿಷದ ಮೇಲೆ ಮಾತು ಕೇಳುತ್ತದೆ. ಬಿಡುವು ಕೊಡದೆ ನಾದಲು ಹೋದವರೇ ಮೈದಾ ಡಬ್ಬಿಗೆ ಕೈ ಹಾಕುವುದು.

ಆಮೇಲೆ ನಾದಲು ಶುರು ಮಾಡಿ. ಐದು ನಿಮಿಷದ ಮೇಲೆ ಮೆತ್ತಗಾದ ಬೆಣ್ಣೆಯನ್ನು ಮೂರ್ನಾಲ್ಕು ಸಲಕ್ಕೆ ಸೇರಿಸಿ. ಸ್ವೀಡನ್ನಿನ ಹಳೇ ಪದ್ಧತಿಯಲ್ಲಿ ಬೆಣ್ಣೆ ಕರಗಿಸಿ ಮೊದಲೇ ಹಾಲಿಗೆ ಹಾಕುತ್ತಾರೆ. ಅದರಲ್ಲೂ ಬನ್ ಆಗುತ್ತದೆ, ಕೆಲಸವೂ ಸುಲಭ. ಆದರೆ ಬೆಣ್ಣೆ ಮೊದಲೇ ಸೇರಿದರೆ ಮೈದಾದ ಜಿಗುಟು ಕಟ್ಟಲು ತಡವಾಗುತ್ತದೆ. ಕೊನೆಗೆ ಹಾಕಿದರೆ ಬನ್ ಹರಿದಾಗ ಎಳೆ ಎಳೆಯಾಗಿ ಬರುತ್ತದೆ. ನನ್ನ ಮತ ಎರಡನೆಯದಕ್ಕೆ.

ಬೆಣ್ಣೆ ಹಾಕಿದ ಕೂಡಲೇ ಹಿಟ್ಟು ಜಾರಿ, ಹರಿದು, ಕೆಟ್ಟೇ ಹೋಯಿತು ಅನ್ನಿಸುತ್ತದೆ. ಹೆದರಬೇಡಿ, ನಾದುತ್ತಾ ಇರಿ. ಮೆಷೀನ್‌ನಲ್ಲಿ ಒಟ್ಟು ಹತ್ತು ನಿಮಿಷ, ಕೈಯಲ್ಲಾದರೆ ಹದಿನೈದು. ಇಷ್ಟಾದ ಮೇಲೂ ಪಾತ್ರೆಯ ಗೋಡೆಗೆ ಬಿಡದೆ ಅಂಟುತ್ತಿದ್ದರೆ ಮಾತ್ರ ಉಳಿದ 50 ಗ್ರಾಂ ಮೈದಾ ಒಂದೊಂದೇ ಚಮಚ ಹಾಕಿ. ಪೂರ್ತಿ ಬೇಕಾಗದೆಯೂ ಇರಬಹುದು. ಪ್ರತಿ ಪ್ಯಾಕೆಟ್ ಮೈದಾ ನೀರು ಹೀರುವುದು ಒಂದೇ ತರಹ ಇರುವುದಿಲ್ಲ.

ಸರಿಯಾದ ಹದ ಯಾವುದು? ಚಪಾತಿ ಹಿಟ್ಟಿಗಿಂತ ಸಾಕಷ್ಟು ಸಡಿಲ. ಮುಟ್ಟಿದರೆ ಬೆರಳಿಗೆ ಸ್ವಲ್ಪ ಹಿಡಿಯಬೇಕು, ಎಳೆದರೆ ಬಿಟ್ಟುಕೊಳ್ಳಬೇಕು. ಒಂದು ಚೂರು ತೆಗೆದು ಎರಡೂ ಕೈಯ ಬೆರಳಲ್ಲಿ ನಿಧಾನವಾಗಿ ಅಗಲಿಸಿ. ಹರಿಯದೆ, ಬೆಳಕು ಕಾಣುವಷ್ಟು ತೆಳುವಾದರೆ ನಾದಿದ್ದು ಸಾಕು.

ಮೊದಲ ಸಲ ಉಬ್ಬಲು ಬಿಡುವುದು

ಒದ್ದೆ ಬಟ್ಟೆ ಮುಚ್ಚಿ ಇಡಿ. ಹಿಟ್ಟು ಎರಡರಷ್ಟಾಗಬೇಕು. ಗಡಿಯಾರ ನೋಡಬೇಡಿ, ಹಿಟ್ಟು ನೋಡಿ. ಮಂಗಳೂರಿನಲ್ಲಿ ಮುಕ್ಕಾಲು ಗಂಟೆಗೆ ಆಗಬಹುದು, ಡಿಸೆಂಬರ್‌ನ ಬೆಂಗಳೂರಿನಲ್ಲಿ ಒಂದು ಗಂಟೆ ದಾಟಬಹುದು. ಸ್ವೀಡನ್ನಿನ ಮನೆಯೊಳಗೆ 20 ಡಿಗ್ರಿ ಆಸುಪಾಸು ಇರುತ್ತದೆ, ಅಲ್ಲಿ ಇನ್ನೂ ನಿಧಾನ. ಓವನ್ ಒಳಗೆ ದೀಪ ಮಾತ್ರ ಹಾಕಿ, ಅಲ್ಲಿಟ್ಟರೆ ಬೇಗ ಆಗುತ್ತದೆ.

ಲೂಸಿಯಾ ದಿನ ಬೆಳಗ್ಗೆಯೇ ಬಿಸಿ ಬನ್ ಬೇಕೆನ್ನುವವರು ರಾತ್ರಿ ಕಲಸಿ. ಯೀಸ್ಟ್ ಅರ್ಧಕ್ಕಿಳಿಸಿ, ನಾದಿ, ಅರ್ಧ ಗಂಟೆ ಹೊರಗಿಟ್ಟು, ಮುಚ್ಚಿ ಫ್ರಿಜ್‌ಗೆ ಹಾಕಿ. ಬೆಳಗ್ಗೆ ತಣ್ಣಗಿನ ಹಿಟ್ಟು ಅಂಟುವುದಿಲ್ಲ, ಸುತ್ತುವುದು ಸಲೀಸು. ರುಚಿಯೂ ಒಂದು ಕೈ ಮೇಲು. ಒಂದೇ ತೊಂದರೆ, ಎರಡನೇ ಸಲ ಉಬ್ಬಲು ಒಂದು ಗಂಟೆಗೂ ಮೀರಿ ಬೇಕು. ಬೇಗ ಏಳಬೇಕಾಗುತ್ತದೆ.

ಸುತ್ತುವುದು

ಹಿಟ್ಟನ್ನು ಗುದ್ದದೆ, ಮೆಲ್ಲಗೆ ಹೊರಗೆ ತೆಗೆದು 60 ಗ್ರಾಂನ 18 ಉಂಡೆ ಮಾಡಿ. ಅಂದಾಜಿನಲ್ಲಿ ಮಾಡಿದರೆ ಚಿಕ್ಕದು ಒಣಗಿ ದೊಡ್ಡದು ಬೇಯುವುದಿಲ್ಲ, ಆದ್ದರಿಂದ ತೂಕ ಮಾಡಿ. ಐದು ನಿಮಿಷ ಮುಚ್ಚಿಡಿ.

ಕಟ್ಟೆಗೆ ಮೈದಾ ಉದುರಿಸಬೇಡಿ. ಎರಡು ಕಾರಣ. ಒಂದು ನಿಮಗೆ ಗೊತ್ತೇ ಇದೆ, ಒಣಗುತ್ತದೆ. ಇನ್ನೊಂದು, ಮೈದಾ ಇದ್ದರೆ ಹಿಟ್ಟು ಕಟ್ಟೆಗೆ ಹಿಡಿತ ಸಿಗದೆ ಜಾರುತ್ತದೆ, ಉದ್ದವಾಗುವುದಿಲ್ಲ. ಕೋಡುಬಳೆಗೆ ಹೊಸೆಯುವ ಹಾಗೆ ಅಂಗೈಯಲ್ಲಿ ಹೊಸೆಯಿರಿ, ನಡುವಿನಿಂದ ಎರಡೂ ಕಡೆಗೆ. 28 ಸೆಂಟಿಮೀಟರ್ ಉದ್ದ, ಎಲ್ಲ ಕಡೆ ಒಂದೇ ದಪ್ಪ. ಹೊಸೆದದ್ದು ಹಿಂದಕ್ಕೆ ಎಳೆದುಕೊಂಡರೆ ಜಗ್ಗಾಡಬೇಡಿ. ಅದನ್ನು ಪಕ್ಕಕ್ಕಿಟ್ಟು ಮುಂದಿನ ಉಂಡೆ ತಗೊಳ್ಳಿ, ಎರಡು ನಿಮಿಷಕ್ಕೆ ಸಡಿಲವಾಗಿರುತ್ತದೆ.

ಈಗ ಎಳೆಯನ್ನು ಅಡ್ಡಡ್ಡ ಇಟ್ಟುಕೊಳ್ಳಿ. ಬಲತುದಿಯನ್ನು ಮೇಲ್ಮುಖವಾಗಿ ಒಳಗೆ ಸುತ್ತುತ್ತಾ ನಡುವಿನವರೆಗೆ ತನ್ನಿ. ಎಡತುದಿಯನ್ನು ಕೆಳಮುಖವಾಗಿ ಒಳಗೆ ಸುತ್ತಿ ತನ್ನಿ. ಎರಡೂ ಒಂದೇ ಕಡೆಗೆ ಸುತ್ತಿದರೆ ಕನ್ನಡಕವಾಗುತ್ತದೆ, ಎಸ್ ಆಗುವುದಿಲ್ಲ. ಮಕ್ಕಳು ಹತ್ತರಲ್ಲಿ ಎರಡು ಹಾಗೇ ಮಾಡುತ್ತಾರೆ, ಮಾಡಲಿ ಬಿಡಿ. ಸುರುಳಿ ಬಿಗಿಯಾಗಿರಬೇಕು. ಸಡಿಲ ಸುತ್ತಿದರೆ ಓವನ್‌ನಲ್ಲಿ ಬಿಚ್ಚಿಕೊಳ್ಳುತ್ತದೆ.

ಈ ಎಸ್ ಆಕಾರವೇ ಎಲ್ಲ ಕಡೆ ಕಾಣುವುದು. ಹಳೇ ಆಕಾರಗಳು ಇನ್ನೂ ಹಲವು ಇವೆ. ಎರಡು ಎಸ್‌ಗಳನ್ನು ಒಂದರ ಮೇಲೊಂದು ಅಡ್ಡ ಇಟ್ಟರೆ ನಾಲ್ಕು ಸುರುಳಿಯ ಬನ್, ಅದಕ್ಕೆ ನಾಲ್ಕು ದ್ರಾಕ್ಷಿ. ಪಾದ್ರಿಯ ಕೂದಲು ಎನ್ನುವ ಆಕಾರವೂ ಉಂಟು. ಎಳೆಗಳನ್ನು ಕಮಾನಿನಂತೆ ಒಂದರ ಮೇಲೊಂದು ಜೋಡಿಸಿ ಎಲ್ಲ ತುದಿಗಳನ್ನೂ ಹೊರಕ್ಕೆ ಸುತ್ತುತ್ತಾರೆ. ನೋಡಲು ಚಂದ. ಆದರೆ ದೊಡ್ಡದಾದ್ದರಿಂದ ಬೇಯುವ ಹೊತ್ತು ಬೇರೆ, ಮೊದಲ ಸಲಕ್ಕೆ ಬೇಡ.

ಎರಡನೇ ಸಲ ಉಬ್ಬುವುದು, ದ್ರಾಕ್ಷಿ ಒತ್ತುವುದು

ಬೇಕಿಂಗ್ ಪೇಪರ್ ಹಾಸಿದ ಟ್ರೇಯಲ್ಲಿ ನಡುವೆ ಮೂರು ಬೆರಳು ಜಾಗ ಬಿಟ್ಟು ಜೋಡಿಸಿ. ಬಟ್ಟೆ ಮುಚ್ಚಿ 30ರಿಂದ 45 ನಿಮಿಷ ಬಿಡಿ. ಬೆರಳ ತುದಿಯಿಂದ ಮೆಲ್ಲಗೆ ಒತ್ತಿ ನೋಡಿ. ಗುಳಿ ಥಟ್ಟನೆ ತುಂಬಿಕೊಂಡರೆ ಇನ್ನೂ ಹೊತ್ತು ಬೇಕು. ನಿಧಾನವಾಗಿ ಅರ್ಧ ತುಂಬಿದರೆ ತಯಾರು. ತುಂಬಲೇ ಇಲ್ಲವೆಂದರೆ ಹೊತ್ತು ಮೀರಿದೆ, ತಡ ಮಾಡದೆ ಓವನ್‌ಗೆ ಹಾಕಿ.

ಒಂದು ಟ್ರೇ ಬೇಯುವಾಗ ಇನ್ನೊಂದು ಹೊರಗೆ ಕಾಯುತ್ತದಲ್ಲ, ಅದು ಮೀರಿ ಉಬ್ಬುವ ಭಯವಿದ್ದರೆ ಎರಡನೇ ಟ್ರೇಯನ್ನು ಹತ್ತು ನಿಮಿಷ ಫ್ರಿಜ್‌ನಲ್ಲಿಡಿ.

ಮೊಟ್ಟೆಗೆ ಚಿಟಿಕೆ ಉಪ್ಪು ಹಾಕಿ ಕದಡಿ ಬ್ರಷ್‌ನಲ್ಲಿ ತೆಳುವಾಗಿ ಸವರಿ. ಆಮೇಲೆ ದ್ರಾಕ್ಷಿ. ನೆನೆದದ್ದನ್ನು ಬಟ್ಟೆಯಲ್ಲಿ ಒರೆಸಿ, ಪ್ರತಿ ಸುರುಳಿಯ ನಡುವಿಗೆ ಒಂದೊಂದು, ಬೆರಳು ಟ್ರೇಗೆ ತಾಗಿತೇನೋ ಅನ್ನುವಷ್ಟು ಆಳಕ್ಕೆ ಒತ್ತಿ. ಸುಮ್ನೆ ಮೇಲೆ ಇಟ್ಟರೆ ಬನ್ ಉಬ್ಬುವಾಗ ಅದು ಹೊರಗೆ ಹಾರಿ ಟ್ರೇಯಲ್ಲಿ ಸುಟ್ಟಿರುತ್ತದೆ.

ಬೇಯಿಸುವುದು

ಓವನ್ 225 ಡಿಗ್ರಿಗೆ ಇಟ್ಟು ಚೆನ್ನಾಗಿ ಕಾಯಿಸಿ. ಒಟಿಜಿಯಾದರೆ ಮೇಲಿನ ರಾಡ್, ಕೆಳಗಿನ ರಾಡ್ ಎರಡೂ ಇರಲಿ, ಹದಿನೈದು ನಿಮಿಷ ಮುಂಚೆಯೇ ಹಾಕಿ. ಫ್ಯಾನ್ ಬೇಡ, ಅದರ ಗಾಳಿ ಮೇಲ್ಮೈಯನ್ನು ಒಣಗಿಸುತ್ತದೆ. ಫ್ಯಾನ್ ಆರಿಸಲು ಬರದ ಓವನ್ ಆದರೆ 200 ಡಿಗ್ರಿ ಸಾಕು.

ನಡುವಿನ ಕಂಬಿಯ ಮೇಲೆ ಟ್ರೇ ಇಡಿ. 7ರಿಂದ 9 ನಿಮಿಷ, ಅಷ್ಟೇ. ಆರನೇ ನಿಮಿಷದಿಂದ ಕಣ್ಣು ತೆಗೆಯಬೇಡಿ. 180 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಇಡುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ, ಕೇಕ್ ಮಾಡಿ ಮಾಡಿ ಬಂದದ್ದು. ಈ ಪುಟ್ಟ ಬನ್‌ಗೆ ಅದು ಶತ್ರು. ಕಡಿಮೆ ಕಾವಿನಲ್ಲಿ ಬಣ್ಣ ಬರುವಷ್ಟರಲ್ಲಿ ಒಳಗಿನ ನೀರೆಲ್ಲ ಆವಿಯಾಗಿರುತ್ತದೆ. ಜೋರು ಕಾವಿನಲ್ಲಿ ಹೊರಗೆ ಬೇಗ ಬಣ್ಣ ಬಂದು ಒಳಗೆ ತೇವ ಉಳಿಯುತ್ತದೆ.

ಸುರುಳಿಯ ಮೇಲ್ಭಾಗ ಹೊಂಗಂದು ಬಣ್ಣಕ್ಕೆ ಬರಬೇಕು, ಸುರುಳಿಗಳ ನಡುವಿನ ಸಂದು ಇನ್ನೂ ಹಳದಿಯಾಗಿಯೇ ಇರಬೇಕು. ಸಂದೂ ಕಂದಾಯಿತೆಂದರೆ ಒಂದು ನಿಮಿಷ ಮೀರಿದೆ ಎಂದೇ ಅರ್ಥ. ಅಡುಗೆ ಥರ್ಮಾಮೀಟರ್ ಇದ್ದವರು ನಡುವೆ ಚುಚ್ಚಿ ನೋಡಿ, 92ರಿಂದ 95 ಡಿಗ್ರಿ ಬಂದಿದ್ದರೆ ಬೆಂದಿದೆ.

ಹೊರಗೆ ತೆಗೆದ ತಕ್ಷಣ ಜಾಲರಿ ಮೇಲೆ ಹಾಕಿ, ಒಣ ಬಟ್ಟೆಯಿಂದ ಮುಚ್ಚಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಬನ್‌ನಿಂದ ಏಳುವ ಹಬೆ ಬಟ್ಟೆಯೊಳಗೇ ನಿಂತು ಮೇಲಿನ ಸಿಪ್ಪೆಯನ್ನು ಮೆತ್ತಗಿಡುತ್ತದೆ.

ಏನಾದರೂ ಎಡವಟ್ಟಾದರೆ

ಎಸ್ ಹೋಗಿ ಚಪ್ಪಟೆ ಬಿಲ್ಲೆಯಾಗಿದೆ: ಎರಡನೇ ಸಲ ಜಾಸ್ತಿ ಉಬ್ಬಿದೆ, ಇಲ್ಲವೇ ಹಿಟ್ಟು ಸಾಕಷ್ಟು ನಾದಿಲ್ಲ. ಪಕ್ಕದಲ್ಲಿ ಬಿರುಕು ಬಿಟ್ಟು ಹರಿದಿದೆ: ಅದರ ಉಲ್ಟಾ, ಉಬ್ಬಲು ಹೊತ್ತು ಸಾಲದು. ತಳ ಮಾತ್ರ ಕಪ್ಪಾಗಿದೆ: ಕೆಳಗಿನ ರಾಡ್ ಹತ್ತಿರವಾಗಿದೆ. ಎರಡು ಟ್ರೇ ಒಂದರೊಳಗೊಂದು ಇಟ್ಟು ಬೇಯಿಸಿ.

ಬಣ್ಣ ಪೇಲವವಾಗಿದ್ದರೆ ಕೇಸರಿ ಹಳೆಯದು, ಅಥವಾ ನೆನೆಸಿದ್ದು ಸಾಲದು. ಇದಕ್ಕೆ ಆಮೇಲೆ ಮದ್ದಿಲ್ಲ, ತಿನ್ನಲು ಏನೂ ಅಡ್ಡಿಯೂ ಇಲ್ಲ.

ಇಟ್ಟುಕೊಳ್ಳುವುದು

ಬನ್ ಅವತ್ತೇ ತಿನ್ನಬೇಕು. ಉಳಿದದ್ದನ್ನು ಫ್ರಿಜ್‌ನಲ್ಲಿಡಬೇಡಿ, ಅಲ್ಲಿ ಬ್ರೆಡ್ ಹೊರಗಿಗಿಂತ ಬೇಗ ಗಡಸಾಗುತ್ತದೆ. ಸ್ವೀಡನ್ನಿನವರು ಮಾಡುವ ಹಾಗೆ ಫ್ರೀಜರ್‌ಗೆ ಹಾಕಿ. ಡಿಸೆಂಬರ್ ಮೊದಲ ವಾರವೇ ಮಾಡಿ, ಚೀಲಕ್ಕೆ ಹಾಕಿ ಫ್ರೀಜರ್ ತುಂಬಿಸಿಟ್ಟು, ಕ್ರಿಸ್‌ಮಸ್‌ವರೆಗೂ ಬೇಕಾದಷ್ಟು ತೆಗೆದು ತಿನ್ನುವ ಮನೆಗಳು ಅಲ್ಲಿ ಬೇಕಾದಷ್ಟಿವೆ. ಗುಟ್ಟು ಒಂದೇ. ಪೂರ್ತಿ ಆರಿದ ಕೂಡಲೇ, ಅದೇ ದಿನ ಹಾಕಬೇಕು. ನಾಳೆ ಉಳಿದದ್ದನ್ನು ಹಾಕೋಣ ಎಂದರೆ ಒಣಗಿದ ಬನ್ ಒಣಗಿದ ಹಾಗೇ ಹೆಪ್ಪುಗಟ್ಟುತ್ತದೆ. ತಿನ್ನುವಾಗ ಚೀಲದಲ್ಲೇ ಅರ್ಧ ಗಂಟೆ ಹೊರಗಿಟ್ಟು, 150 ಡಿಗ್ರಿ ಓವನ್‌ನಲ್ಲಿ ನಾಲ್ಕೈದು ನಿಮಿಷ ಬೆಚ್ಚಗೆ ಮಾಡಿ. ಮೈಕ್ರೋವೇವ್ ಆದರೆ ಇಪ್ಪತ್ತು ಸೆಕೆಂಡಿಗಿಂತ ಜಾಸ್ತಿ ಬೇಡ, ಆರಿದ ಮೇಲೆ ರಬ್ಬರ್ ಆಗುತ್ತದೆ.

ಇಷ್ಟೆಲ್ಲ ಮಾಡಿಯೂ ಒಂದೆರಡು ಬನ್ ಒಣಗಿ ಉಳಿದರೆ ಅಡ್ಡಕ್ಕೆ ಸೀಳಿ, ಬೆಣ್ಣೆ ಸವರಿ, ಹೆಂಚಿನ ಮೇಲೆ ಕೆಂಪಗೆ ಸುಟ್ಟು ಕಾಫಿಗೆ ಅದ್ದಿ. ತುಂಬಾ ಉಳಿದಿದ್ದರೆ ತೆಳುವಾಗಿ ಕತ್ತರಿಸಿ 100 ಡಿಗ್ರಿಯಲ್ಲಿ ಒಂದು ಗಂಟೆ ಒಣಗಿಸಿ ರಸ್ಕ್ ಮಾಡಿ, ಗಾಳಿಯಾಡದ ಡಬ್ಬಿಗೆ ಹಾಕಿಡಿ.